ಅರೀನಾಕ್ಕಾಗಿ ಕೇರಿ ಕೆಡವಿದರು, ಆಮೇಲೆ ಅರೀನಾವನ್ನೂ ಕೆಡವಿದರು

ಐಸ್ ಹಾಕಿ ನಮ್ಮ ಕಡೆಯ ಆಟವಲ್ಲ. ಕಾಲಿಗೆ ಉಕ್ಕಿನ ಅಲಗಿರುವ ಬೂಟು ಹಾಕಿಕೊಂಡು, ಮಂಜುಗಡ್ಡೆಯ ಅಂಗಳದಲ್ಲಿ ಜಾರುತ್ತಾ, ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಗೋಲಿಗೆ ಹೊಡೆಯುವ ಆಟ ಅದು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಈ ಆಟಕ್ಕೆ ಹೆಸರಾಗಿದ್ದ ಸಿವಿಕ್ ಅರೀನಾ ಈಗಿಲ್ಲ. ಆದರೂ ಅದರ ಕತೆ ಜಮೀನು ಇರುವ ಎಲ್ಲರೂ ತಿಳಿಯಬೇಕಾದ್ದು ಅಂತ ನಮಗನಿಸುತ್ತದೆ.

ಅರೀನಾ ಬರುವ ಮೊದಲು ಅಲ್ಲಿ ಲೋವರ್ ಹಿಲ್ ಎಂಬ ಕೇರಿ ಇತ್ತು. ಹೆಚ್ಚಿನವರು ಕಪ್ಪು ಜನ. ಮನೆ, ಅಂಗಡಿ, ಚರ್ಚು, ಜಾಜ್ ಸಂಗೀತದ ಕ್ಲಬ್ಬುಗಳಿಂದ ತುಂಬಿದ ಜಾಗ. ನಗರಾಡಳಿತ ಮಾತ್ರ ಅದನ್ನು ಕೊಳೆಗೇರಿ ಎಂದು ಕರೆದು, 1956ರಲ್ಲಿ ಕೆಡವತೊಡಗಿತು. ಸುಮಾರು 95 ಎಕರೆ ಬಯಲಾಯಿತು. ಸುಮಾರು 8,000 ಜನ ಮನೆ ಕಳೆದುಕೊಂಡರು, 400ಕ್ಕೂ ಹೆಚ್ಚು ಅಂಗಡಿ-ವ್ಯಾಪಾರ ಎತ್ತಂಗಡಿಯಾದವು. ಕಪ್ಪು ಜನರ ಹಳೆಯ ಬೆಥೆಲ್ ಚರ್ಚನ್ನೂ 1957ರಲ್ಲಿ ನೆಲಸಮ ಮಾಡಿದರು.

1961ರಲ್ಲಿ ಅರೀನಾ ತೆರೆಯಿತು. ಮೊದಲು ಯೋಚಿಸಿದ್ದು ಹಾಕಿಗಲ್ಲ, ಸಂಗೀತ ನಾಟಕಗಳಿಗೆ. ಒಳಗೆ ಒಂದೂ ಕಂಬವಿಲ್ಲದ ಉಕ್ಕಿನ ಗುಮ್ಮಟ. ಅದರ 8 ಹಾಳೆಗಳಲ್ಲಿ 6 ಸರಿದು ಆಕಾಶ ಕಾಣುತ್ತಿತ್ತು. ಬರಬರುತ್ತಾ ಚಾವಣಿ ತೆರೆಯುವುದೇ ನಿಂತಿತು. 1967ರಲ್ಲಿ ಪೆಂಗ್ವಿನ್ಸ್ ತಂಡ ಬಂತು. ಇದೇ ತವರು ಅಂಗಳವಾಗಿದ್ದಾಗ ತಂಡ 1991, 1992 ಮತ್ತು 2009ರಲ್ಲಿ ಸ್ಟಾನ್ಲಿ ಕಪ್ ಗೆದ್ದಿತು.

ಕೆಡವುವ ಕೆಲಸ ಇನ್ನೂ ಮೇಲಕ್ಕೆ ಹರಡುವುದಿತ್ತು. 1960ರ ದಶಕದಲ್ಲಿ ಹಿಲ್‌ನ ಜನ ಕ್ರಾಫರ್ಡ್ ಬೀದಿಯ ಮೂಲೆಯಲ್ಲಿ, ಇಲ್ಲಿಂದಾಚೆ ಕೆಡವಗೊಡುವುದಿಲ್ಲ ಎಂಬರ್ಥದ ದೊಡ್ಡ ಫಲಕ ನಿಲ್ಲಿಸಿದರು. ಅವರ ಹೋರಾಟದಿಂದ ಮೇಲಿನ ಕೇರಿಗಳು ಉಳಿದವು.

2010ರಲ್ಲಿ ತಂಡ ಎದುರಿಗೇ ಕಟ್ಟಿದ ಹೊಸ ಅರೀನಾಕ್ಕೆ ಹೋಯಿತು. ಹಳೆಯದನ್ನು ಉಳಿಸಿ ಎಂದು ಕೆಲವರು ಕೇಳಿಕೊಂಡರೂ, 2011-12ರಲ್ಲಿ ಕೆಡವಿದರು. ಆಮೇಲೆ ವರ್ಷಗಟ್ಟಲೆ ಆ ನೆಲದ ಬಹುಪಾಲು ಕಾರು ನಿಲ್ಲಿಸುವ ಜಾಗವಾಗಿತ್ತು.

2023ರಲ್ಲಿ ಬೆಥೆಲ್ ಚರ್ಚಿಗೆ 1.5 ಎಕರೆ ಕೊಡಲು ಪೆಂಗ್ವಿನ್ಸ್ ಒಪ್ಪಿತು. ಚರ್ಚು ಬಿದ್ದು ಅಷ್ಟೊತ್ತಿಗೆ 66 ವರ್ಷವಾಗಿತ್ತು. ಅರೀನಾ ಬಾಳಿದ್ದು 50 ವರ್ಷ ಮಾತ್ರ.

ಭೂಸ್ವಾಧೀನದ ನೋಟಿಸು ಬಂದಾಗ ನಾವು ಎಕರೆಗೆ ಎಷ್ಟು ಅಂತ ಕೇಳುತ್ತೇವೆ. ಅದು ಕೇಳಲೇಬೇಕಾದ ಪ್ರಶ್ನೆ. ಜೊತೆಗೆ ಇನ್ನೊಂದನ್ನೂ ಕೇಳೋಣ: ಯೋಜನೆ ಮುಗಿದರೆ, ಇಲ್ಲವೇ ಕೈಬಿಟ್ಟರೆ, ಈ ನೆಲ ಯಾರದು? ಉತ್ತರವನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳೋಣ.