ಹಸಿವಿನ ಮಾತನ್ನು ಕೇಳೋಣ

ವಿಜಯಪುರದಿಂದ ಉತ್ತರಕ್ಕೆ ಸಾಗುವ ಸೊಲ್ಲಾಪುರ ರಸ್ತೆ ಜೋಳದ ಸೀಮೆಯನ್ನು ಹಾದು ಭೀಮಾ ನದಿಯನ್ನು ದಾಟುತ್ತದೆ. ಈ ಸೀಮೆಯ ಜನರಿಗೂ ರೊಟ್ಟಿಗೂ ಇರುವ ನಂಟನ್ನು ಅರಿಯಲು ನಾವು ಬೀಸುವ ಕಲ್ಲಿನ ಬಳಿಗೆ ಹೋಗಬೇಕು.

ವಿಜಾಪುರದ ಸೂಫಿ ಪರಂಪರೆಯಲ್ಲಿ 'ಚಕ್ಕಿನಾಮಾ' ಎಂಬ ದಖನಿ ಹಾಡುಗಳು ಹುಟ್ಟಿದವು. ಹಿಟ್ಟು ಬೀಸುವ ಹೆಂಗಸರ ಬಾಯಲ್ಲಿ ಅವು ಉಳಿದವು. ಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ, ದುಡಿಮೆಯೊಳಗೇ ದೇವಸ್ಮರಣೆಯನ್ನು ಬೆಸೆದ ಹಾಡುಗಳಿವು. ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಗ್ರಂಥದಲ್ಲಿ ಇವುಗಳ ಮಹತ್ವವನ್ನು ವಿವರಿಸಿದ್ದಾರೆ. ಅಲ್ಲಿ ಅನ್ನವೆಂದರೆ ಭಯವಲ್ಲ, ಬೆವರಿನ ಫಲ.

ಆ ನಂಟನ್ನು ಬರಗಳು ಮತ್ತೆ ಮತ್ತೆ ಅಲುಗಾಡಿಸಿದವು. 1876–78ರ ಬರದಲ್ಲಿ ಮುಂಬೈ ಇಲಾಖೆಗೆ ಸೇರಿದ್ದ ಈ ಸೀಮೆಯೂ ನರಳಿತು. 1877ರಲ್ಲಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದಾಣೆ ಸಾಕೆಂದರು. ದುಡಿಯುವ ದೇಹಕ್ಕೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ವಾದಿಸಿದರು. ಹಸಿವು ಎಷ್ಟೆಂಬುದನ್ನು ಹಸಿದವರಲ್ಲ, ಸರಕಾರ ನಿರ್ಧರಿಸಿತು.

ಹಸಿವಿನ ಗಾಯ ಹೊಟ್ಟೆ ತುಂಬಿದೊಡನೆ ಮಾಯುವುದಿಲ್ಲ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 36 ಸ್ವಯಂಸೇವಕರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರ ಮನಸ್ಸನ್ನು ಊಟದ ಚಿಂತೆಯೇ ಆವರಿಸಿತು. ಆಹಾರ ಮರಳಿ ಸಿಕ್ಕಿದ ಮೇಲೂ ಹಲವರಿಗೆ ಎಷ್ಟು ಉಂಡರೂ ತೃಪ್ತಿಯಾಗಲಿಲ್ಲ. ತಾವಾಗಿಯೇ ಕಟ್ಟುನಿಟ್ಟಿನ ಪಥ್ಯ ಹಿಡಿದು, ಬಳಿಕ ಮಿತಿಮೀರಿ ತಿಂದು, ಆಮೇಲೆ ನಾಚುವ ಇಂದಿನವರ ಪಾಡೂ ಇದಕ್ಕೆ ದೂರವಲ್ಲ.

1995ರಲ್ಲಿ ಎವೆಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್ ಎಂಬ ಆಹಾರತಜ್ಞೆಯರು ಬೇರೊಂದು ದಾರಿ ತೋರಿದರು: ಹಸಿದಾಗ ಉಣ್ಣು, ತೃಪ್ತಿಯಾದಾಗ ನಿಲ್ಲಿಸು, ಆಹಾರವನ್ನು ಪಾಪ-ಪುಣ್ಯವೆಂದು ವಿಂಗಡಿಸಬೇಡ, ದೇಹವನ್ನು ಗೌರವಿಸು. ಮಧುಮೇಹದಂತಹ ಕಾಯಿಲೆಯಿದ್ದವರು ವೈದ್ಯರ ಸಲಹೆಯೊಡನೆ ಇದನ್ನು ಪಾಲಿಸಬೇಕು.

ಆದರೆ ನಾಳಿನ ರೊಟ್ಟಿಯ ಭರವಸೆಯಿಲ್ಲದವರಿಗೆ 'ದೇಹದ ಮಾತು ಕೇಳು' ಎನ್ನುವುದು ಬರಿಯ ಉಪದೇಶ. ನಮ್ಮ ಅದೆಷ್ಟೋ ಮನೆಗಳಲ್ಲಿ ರೊಟ್ಟಿ ಬಡಿದವಳೇ ಕೊನೆಗೆ ಉಣ್ಣುತ್ತಾಳೆ, ಉಳಿದದ್ದನ್ನೇ ತನ್ನ ಹಸಿವಿನ ಅಳತೆಯೆಂದುಕೊಳ್ಳುತ್ತಾಳೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಗಂಗಾಳದ ಮುಂದೆ ಅವಳೂ ಬಿಸಿಬಿಸಿಯಾಗಿ, ಎಲ್ಲರೊಡನೆ ಕೂತು ಉಣ್ಣುವಂತಾಗಲಿ. ಅನ್ನದೊಂದಿಗಿನ ಆರೋಗ್ಯಕರ ಸಂಬಂಧ ನಮ್ಮಲ್ಲಿ ಅಲ್ಲಿಂದಲೇ ಶುರುವಾಗಬೇಕು.