ಬೀಗದ ಅವಧಿ: ವಿತರಿತ ಗಣಕ ವ್ಯವಸ್ಥೆಗಳಲ್ಲಿ ಜಾಲದ ವೇಗ ಮತ್ತು ಹಣದ ವಹಿವಾಟು

ಸಾರಾಂಶ: ಜಾಲದ ಸಾಮರ್ಥ್ಯವನ್ನು ಅದು ಸೆಕೆಂಡಿಗೆ ಸಾಗಿಸುವ ದತ್ತಾಂಶದಿಂದ ಅಳೆಯುವುದು ರೂಢಿ. ಹಣದ ವಹಿವಾಟಿನಲ್ಲಿ ಸರಿಯಾದ ಅಳತೆ ಬೇರೆ: ಒಂದು ಖಾತೆಯ ಮೇಲೆ ಬೀಗ (ಒಂದು ವಹಿವಾಟು ಮುಗಿಯುವ ತನಕ ಉಳಿದವನ್ನು ತಡೆಯುವ ‘ಲಾಕ್’) ಎಷ್ಟು ಹೊತ್ತು ಬಿದ್ದಿರುತ್ತದೆ ಎಂಬುದು. ಇದು ಈ ಲೇಖನದ ವಾದ.

1. ಸಮಸ್ಯೆ

ಒಂದು ಸರ್ವರ್‌ನಲ್ಲಿರುವ ಖಾತೆಯಿಂದ ಇನ್ನೊಂದು ಸರ್ವರ್‌ನ ಖಾತೆಗೆ 500 ರೂಪಾಯಿ ಹೋಗಬೇಕಿದೆ ಎನ್ನೋಣ. ಇಲ್ಲಿ ಕಳೆದದ್ದು ಅಲ್ಲಿ ಕೂಡದಿದ್ದರೆ ಲೆಕ್ಕ ತಪ್ಪಿತು. ಇದನ್ನು ತಡೆಯುವ ಹಳೆಯ ಕ್ರಮ ‘ಎರಡು ಹಂತದ ಕಮಿಟ್’. ಜಿಮ್ ಗ್ರೇ 1978ರ ಬರಹದಲ್ಲಿ ಅದನ್ನು ವಿವರಿಸಿದ್ದಾರೆ. ಸಂಯೋಜಕ ಸರ್ವರ್ ಮೊದಲು ‘ಸಿದ್ಧವೇ?’ ಎಂದು ಕೇಳುತ್ತದೆ. ಎಲ್ಲವೂ ಒಪ್ಪಿದ ಮೇಲೆ ‘ಮುಗಿಸಿ’ ಎನ್ನುತ್ತದೆ. ಒಮ್ಮೆ ಒಪ್ಪಿದ ಸರ್ವರ್ ಕೊನೆಯ ಮಾತು ಬರುವ ತನಕ ಖಾತೆಯ ಬೀಗ ತೆಗೆಯುವಂತಿಲ್ಲ. ಸಂದೇಶ ಹೋಗಿಬರುವಷ್ಟು ಹೊತ್ತು ಉಳಿದ ವಹಿವಾಟುಗಳು ಕಾಯಲೇಬೇಕು.

2. ದೂರದ ಲೆಕ್ಕ

ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಬೆಂಗಳೂರು–ಮುಂಬೈ ನೇರ ದೂರವೇ 800 ಕಿ.ಮೀ. ಮೀರುತ್ತದೆ, ಹೋಗಿಬರಲು ಕನಿಷ್ಠ 8 ಮಿಲಿಸೆಕೆಂಡ್ ಬೇಕು. ಹಣ ಎಡೆಬಿಡದೆ ಬಂದು ಬೀಳುವ ವ್ಯಾಪಾರಿಯ ಖಾತೆಯೊಂದು ಪ್ರತಿ ಸಲವೂ ಇಷ್ಟು ಹೊತ್ತು ಬೀಗ ಹೊತ್ತರೆ, ಸೆಕೆಂಡಿಗೆ 125ಕ್ಕಿಂತ ಹೆಚ್ಚು ವಹಿವಾಟು ಸಾಗದು. ಬ್ಯಾಂಡ್‌ವಿಡ್ತ್ ಹತ್ತು ಪಟ್ಟು ಮಾಡಿದರೂ ಈ ಮಿತಿ ಕದಲದು. ಬೀಗದ ಅವಧಿ 10 ಮೈಕ್ರೋಸೆಕೆಂಡ್‌ಗೆ ಇಳಿದರೆ ಮಾತ್ರ ಮಿತಿ 1 ಲಕ್ಷಕ್ಕೇರುತ್ತದೆ.

3. ಡೇಟಾ ಸೆಂಟರ್‌ನ ಒಳಗೆ

ಒಂದೇ ಕಟ್ಟಡದೊಳಗೆ ದೂರ ಲೆಕ್ಕಕ್ಕಿಲ್ಲ. ಅಲ್ಲಿ ಹೊತ್ತು ತಿನ್ನುವುದು ಆಪರೇಟಿಂಗ್ ಸಿಸ್ಟಮ್: ಪ್ಯಾಕೆಟ್ ಬಂದೊಡನೆ ಸಿಸ್ಟಮ್ಮಿನ ತಿರುಳಾದ ಕರ್ನಲ್ ಅದನ್ನು ಪರಿಶೀಲಿಸಬೇಕು, ನಕಲು ಮಾಡಬೇಕು, ಕಾದಿದ್ದ ಪ್ರೋಗ್ರಾಂ ಅನ್ನು ಎಬ್ಬಿಸಬೇಕು. ಆರ್‌ಡಿಎಂಎ (ರಿಮೋಟ್ ಡೈರೆಕ್ಟ್ ಮೆಮೊರಿ ಆಕ್ಸೆಸ್) ಈ ದಾರಿಯನ್ನೇ ಬಿಟ್ಟು ನಡೆಯುತ್ತದೆ. ನೆಟ್‌ವರ್ಕ್ ಕಾರ್ಡ್ ಆಚೆಯ ಯಂತ್ರದ ಮೆಮೊರಿಯನ್ನು ನೇರವಾಗಿ ಓದುತ್ತದೆ, ಬರೆಯುತ್ತದೆ; ಆ ಯಂತ್ರದ ಪ್ರೊಸೆಸರ್‌ಗೆ ಕೆಲಸವಿಲ್ಲ. ಮೈಕ್ರೋಸಾಫ್ಟ್ ರಿಸರ್ಚ್‌ನ ‘ಫಾರ್ಮ್’ ವ್ಯವಸ್ಥೆ ಇದೇ ದಾರಿಯಲ್ಲಿ 90 ಯಂತ್ರಗಳ ಮೇಲೆ ಸೆಕೆಂಡಿಗೆ 14 ಕೋಟಿ ವಹಿವಾಟು ಮುಗಿಸಿದ್ದು 2015ರಲ್ಲಿ ವರದಿಯಾಯಿತು. ಫಾರ್ಮ್ ದತ್ತಾಂಶವನ್ನು ಮೆಮೊರಿಯಲ್ಲೇ ಇಡುತ್ತದೆ; ಕರೆಂಟು ಹೋದರೆ ಬ್ಯಾಟರಿಯ ಬಲದಲ್ಲಿ ಅದು ಎಸ್‌ಎಸ್‌ಡಿಗೆ ಇಳಿಯುತ್ತದೆ. ಆದರೆ 14 ಕೋಟಿಯ ಆ ಪರೀಕ್ಷೆ ಮೊಬೈಲ್ ಚಂದಾದಾರರ ದಾಖಲೆಗಳದ್ದು, ಬಹುಪಾಲು ಬರೀ ಓದುವ ಕೆಲಸ. ಬ್ಯಾಂಕಿಗೆ ಈ ಅಂಕಿಯನ್ನು ಹಾಗೆಯೇ ಅನ್ವಯಿಸಲಾಗದು.

4. ಊರು ದಾಟಿದಾಗ

ಊರುಗಳ ನಡುವಿನ ದೂರ ಕುಗ್ಗದು; ಅಲ್ಲಿ ಬೀಗವನ್ನೇ ಬಿಡುವುದು ದಾರಿ. 2016ರಲ್ಲಿ ಆರಂಭವಾದ ಪಾವತಿ ವ್ಯವಸ್ಥೆ ಯುಪಿಐ ಎರಡು ಬ್ಯಾಂಕ್‌ಗಳ ಖಾತೆಗಳನ್ನು ಒಂದೇ ಬೀಗದಲ್ಲಿ ಕಟ್ಟುವುದಿಲ್ಲ. ಮೊದಲು ಕಳುಹಿಸುವವರ ಬ್ಯಾಂಕಿನಲ್ಲಿ ಕಡಿತ, ಆಮೇಲೆ ಪಡೆಯುವವರ ಬ್ಯಾಂಕಿನಲ್ಲಿ ಜಮೆ. ಜಮೆ ವಿಫಲವಾದರೆ ಹಣ ಮರಳಿಸಲು ಪ್ರತ್ಯೇಕ ಸಂದೇಶ. ಬೀಗ ತಪ್ಪಿತು, ಹೊಣೆ ಬೆಳೆಯಿತು: ಒಂದೇ ಸಂದೇಶ ಎರಡು ಸಲ ಬಂದರೂ ಹಣ ಒಂದೇ ಸಲ ಕಡಿತವಾಗಬೇಕು, ಪ್ರತಿ ಹೆಜ್ಜೆಯೂ ದಾಖಲಾಗಬೇಕು.

ಉಪಸಂಹಾರ

ವೇಗದ ಜಾಲಕ್ಕೆ ಹೂಡುವ ಹಣ ಬೀಗದ ಅವಧಿ ಕುಗ್ಗಿಸುವ ಕಡೆಗೇ ಹೋಗಬೇಕು: ಡೇಟಾ ಸೆಂಟರ್ ಒಳಗೆ ಆರ್‌ಡಿಎಂಎ, ಊರುಗಳ ನಡುವೆ ಬೀಗವಿಲ್ಲದ ಕಟ್ಟುನಿಟ್ಟಿನ ಲೆಕ್ಕ. ನಡುದಾರಿಯಲ್ಲಿ ನಿಂತ 500 ರೂಪಾಯಿ ಎಷ್ಟೋ ಮನೆಗಳಲ್ಲಿ ಒಂದು ದಿನದ ಕೂಲಿ. ಅದು ತಡವಾಗಿ ತಲುಪಿದರೂ ತಪ್ಪದೆ ತಲುಪಬೇಕು. ವೇಗ ಆ ಖಾತರಿಯ ಮೇಲೆ ಕಟ್ಟಬೇಕಾದ ಮಹಡಿ.