ಹಾಸಿಗೆ ಖಾಲಿ ಇಲ್ಲ

‘ಜಾಗ ಇಲ್ಲ’ ಅನ್ನೋ ಮಾತು ನಮ್ಮ ಕೇರಿಗಳಿಗೆ ಹೊಸದಲ್ಲ. ಒಬ್ಬ ಕೂಲಿಕಾರ ಒಂದೇ ರಾತ್ರಿಯಲ್ಲಿ ಅದನ್ನ ಆಸ್ಪತ್ರೆಯಿಂದ ಆಸ್ಪತ್ರೆಗೆ ಕೇಳಿಕೊಂಡು ತಿರುಗಿದ್ದು ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ.

1992ರ ಜುಲೈ 8. ಪಶ್ಚಿಮ ಬಂಗಾಳದ ಮಥುರಾಪುರ ಸ್ಟೇಷನ್ನಿನಲ್ಲಿ ಆತ ರೈಲಿನಿಂದ ಬಿದ್ದ. ತಲೆಯೊಳಗೆ ರಕ್ತಸ್ರಾವ. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಸೌಕರ್ಯ ಇಲ್ಲ. ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದರು, ಕೂಡಲೇ ದಾಖಲಾಗಬೇಕು ಅಂತಲೂ ಹೇಳಿದರು; ಹಾಸಿಗೆ ಮಾತ್ರ ಇಲ್ಲ. ಇನ್ನೊಂದರಲ್ಲೂ ಇಲ್ಲ, ಮತ್ತೊಂದರಲ್ಲೂ ಇಲ್ಲ. ಕೊನೆಗೆ ಸೇರಿಸಿಕೊಂಡದ್ದು ಖಾಸಗಿ ಆಸ್ಪತ್ರೆ. ಖರ್ಚು ಸುಮಾರು 17,000 ರೂಪಾಯಿ. ಹೊಲದ ಕೂಲಿಯವನಿಗೆ!

ಆಗ ಅಲ್ಲಿ ಆಳುತ್ತಿದ್ದದ್ದು ದುಡಿಯುವವರ ಹೆಸರು ಹೇಳಿ 1977ರಲ್ಲಿ ಗದ್ದುಗೆ ಏರಿದ್ದ ಎಡರಂಗ. ಬಾವುಟ ಯಾವುದಾದರೇನು, ಬಡವನಿಗೆ ಸಿಕ್ಕ ಉತ್ತರ ಒಂದೇ. ಆತನ ಸಂಘ ಖೇತ್ ಮಜ್ದೂರ್ ಸಮಿತಿ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. ಹಾಸಿಗೆ ಇಲ್ಲದಿದ್ದರೆ ನೆಲದ ಮೇಲೋ ಟ್ರಾಲಿ ಮೇಲೋ ಮಲಗಿಸಿ ನೋಡಬಹುದಿತ್ತು ಅಂತ ತನಿಖಾ ಸಮಿತಿಯೇ ಹೇಳಿತು. 1996ರ ಮೇ 6ರಂದು ತೀರ್ಪು ಬಂತು: ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣ ಇಲ್ಲ ಅನ್ನೋ ನೆಪ ನಡೆಯದು, 25,000 ರೂಪಾಯಿ ಪರಿಹಾರ ಕೊಡಿ.

ತೀರ್ಪಿಗೆ 25 ವರ್ಷ ತುಂಬಿದ 2021ರಲ್ಲಿ, ಕೊರೊನಾ ಕಾಲಕ್ಕೆ, ಬೆಂಗಳೂರಿನಲ್ಲೂ ಜನ ಹಾಸಿಗೆ ಹುಡುಕಿಕೊಂಡು ಅಲೆದರು. ರಾತ್ರಿ ಪಾಳಿಯ ಡಾಕ್ಟರನ್ನ ಬೈದು ಸುಮ್ಮನಾಗೋದು ಸುಲಭ. ಆದರೆ ಹಾಸಿಗೆ ಎಷ್ಟಿರಬೇಕು ಅನ್ನೋದನ್ನ ಬರೆಯೋದು ಡಾಕ್ಟರಲ್ಲ, ಬಜೆಟ್ಟು. ಕೇಳಬೇಕಾದ್ದು ಅಲ್ಲಿ. ಒಬ್ಬೊಬ್ಬರೇ ಅಲ್ಲ, ಆ ಕೂಲಿಕಾರರ ಹಾಗೆ ಸಂಘ ಕಟ್ಟಿಕೊಂಡು.